ಅರ್ಧ ಇಂಚು

ಟೊಲೀಡೊ ಊರಿನ ಪೂರ್ವದಂಡೆ, ಶನಿವಾರ, ಎಂಟು ಗಂಟೆ.
ಟೇಪಿನ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ಕ್ಲೆಟಸ್‌ನ ಕೈಯಲ್ಲಿ.
ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು.
ಹೊತ್ತಾಯಿತೆಂದು, ಮಳೆಯೆಂದು,
ಗಾಲಿಕುರ್ಚಿ ಕಂಡೂ ಕಾಣದ ಹಾಗೆ
ಎಷ್ಟು ಸ್ಟಾಪು ದಾಟಿಸಿದೆನೋ
ಅಂತ ಕಾಫಿ ಹೊತ್ತಲ್ಲಿ ಒಮ್ಮೆ ಅಂದಿದ್ದ.
ಆಮೇಲೆ ಆ ಮಾತೆತ್ತಲಿಲ್ಲ.

ಬಾಗಿಲಗಲ ಮೂವತ್ತಾರು.
ಒಂದಡಿ ಏರಲು ಹನ್ನೆರಡಡಿ ಇಳಿಜಾರು.
ಸಿಂಕಿನ ಕೆಳಗೆ ಖಾಲಿ, ಮೊಣಕಾಲಿಗೆ.
ಹೊಸ್ತಿಲು? ಅಂದೆ.
ಬೆರಳ ಸಂದಿಯಲ್ಲಿ ತೋರಿಸಿದ: ಅರ್ಧ ಇಂಚು.
ಕೂದಲೆಳೆ ಹೆಚ್ಚಾದರೂ
ಮುಂದಿನ ಪುಟ್ಟ ಗಾಲಿ ಮುಗ್ಗರಿಸುತ್ತೆ.

ಅಜ್ಜಿ ಕೇಳಿದ್ದರೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು.
ಹೊಸ್ತಿಲ ಮೇಲೆ ಕೂರಬೇಡ, ನಿಲ್ಲಬೇಡ, ಸೀನಬೇಡ,
ಅದಕ್ಕೆ ಅರಿಶಿನ, ಅದಕ್ಕೆ ಎರಡೆಳೆ ರಂಗೋಲಿ,
ಬಲಗಾಲೆತ್ತಿ ಒಳಗೆ ಬಾ.
ಎತ್ತಲು ಕಾಲೇ ಬಾರದವರು
ಎಲ್ಲಿಂದ ಬರಬೇಕು ಅಂತ
ಕೇಳಿದವರಿಲ್ಲ.
ಪೋಲಿಯೋ ಆಗಿದ್ದ ನೀಲತ್ತೆಗೆ
ಯಾರ ಮನೆಯ ಊಟವಾದರೂ
ಎಲೆ ಜಗಲಿಗೇ ಬರುತ್ತಿತ್ತು.
ಅದನ್ನು ನಾವು ಮರ್ಯಾದೆ ಅಂದುಕೊಂಡಿದ್ದೆವು.

ಈ ಮನೆ ಬರ್ನಡೆಟ್ ಪವ್ಲಾಕಳದು.
ಗಾಜಿನ ಕಾರ್ಖಾನೆಯ ಬಿಲ್ಲು ಬರೆಯುತ್ತಿದ್ದವಳು.
ದಾನಗೀನ ಅನ್ನಬೇಡಿ, ಅಂದಳು ಮೊದಲ ದಿನವೇ.
ತಿಂಗಳ ಕಂತು ನಾನು ಕಟ್ಟುತ್ತೇನೆ, ಬಡ್ಡಿಯಿಲ್ಲ, ಅಷ್ಟೇ.
ತನ್ನ ಪಾಲಿನ ಇನ್ನೂರು ಗಂಟೆ ದುಡಿಮೆಗೆ
ಸೆರಗಿಲ್ಲದ ಸೊಂಟಕ್ಕೊಂದು ಹಳೇ ಟವೆಲು ಸಿಕ್ಕಿಸಿ
ಕುರ್ಚಿಯಲ್ಲೇ ಕೂತು ಗೋಡೆಗೆ ಬಣ್ಣ ಬಳಿದಳು,
ಕೈ ಎಟುಕುವವರೆಗೆ.
ಅದರ ಮೇಲಿನದು ನಮ್ಮದು.
ಸಂಜೆ ಬೆಳಕು ಓರೆಯಾಗಿ ಬಿದ್ದಾಗ
ಎರಡು ಕುಂಚ ಸೇರಿದ ಗೆರೆ
ಈಗಲೂ ಕಾಣುತ್ತದೆ.
ಒರಟು ಕೆಲಸವೆಲ್ಲ ಮೇಲಿನ ಅರ್ಧದಲ್ಲೇ.

ಕೊನೆಯ ಶನಿವಾರ
ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.
ಹೊರಗೆ ನಾವು ಹನ್ನೊಂದು ಜನ, ಕೈಯಲ್ಲೊಂದು ಕೇಕು,
ಬೆಲ್ಲು ಒತ್ತಿ ಹಲ್ಲು ಕಿರಿದು ನಿಂತೆವು.
ಒಳಗಿಂದ ನಗು. ಆಮೇಲೆ ಪ್ರಶ್ನೆ:
ಈ ನೋಡುಕಿಂಡಿ ಯಾರ ಕಣ್ಣಿಗೆ?

ಸ್ವಿಚ್ಚು ಅಳೆದಿದ್ದೆವು, ಕಿಟಕಿಯ ಚಿಲಕ ಅಳೆದಿದ್ದೆವು,
ಒಲೆಯ ಗುಂಡಿ, ಕೊಡೆಯ ಗೂಟ.
ಬಾಗಿಲ ಕಿಂಡಿ ಮಾತ್ರ
ನನ್ನ ಹುಬ್ಬಿನ ಎತ್ತರಕ್ಕೇ ಕೂತಿತ್ತು.
ಕ್ಲೆಟಸ್ ತಲೆ ಕೆರೆದುಕೊಂಡ.
ಕೈಯ ಟೇಪು ಸರ್ರನೆ ತಾನೇ ಸುರುಳಿಯಾಯಿತು.

ಡ್ರಿಲ್ಲು ತಂದೆವು. ಕೇಕಿನ ಮೇಲೆ
ಒಂದಿಷ್ಟು ಮರದ ಹುಡಿ ಬಿತ್ತು.
ಮೇಲಿನದನ್ನು ಮುಚ್ಚಲು ಹೊರಟರೆ
ಬೇಡ ಬಿಡಿ, ಅಂದಳು.
ನಿಂತುಕೊಳ್ಳುವವರೂ ಬರುತ್ತಾರಲ್ಲ ಮನೆಗೆ,
ಪಾಪ.

ಕತ್ತಲಾಗುವ ಮೊದಲು ಹೊರಟೆ.
ನಲವತ್ತೇಳು ವರ್ಷದ ರೂಢಿ:
ಬಾಗಿಲಲ್ಲಿ ತಾನಾಗಿ ಕಾಲು ಎತ್ತಿತು.
ದಾಟಲು ಅಲ್ಲಿ ಏನೂ ಇರಲಿಲ್ಲ.
ಮುಗ್ಗರಿಸಿದ್ದು ನಾನು.
ಕುರ್ಚಿಯಿಂದ ಚಾಚಿದ ಕೈ
ನನ್ನ ಮೊಣಕೈ ಹಿಡಿಯಿತು.