ಗುಂಡಿ

‘ಹಿಂಬದಿಯಲ್ಲಿ ಸಿಮೆಂಟಿನ ಟ್ಯಾಂಕಿ ಒಂದು’
ಎಂದಷ್ಟೇ ಇತ್ತು ಆಧಾರದಲ್ಲಿ.
ಬರೆದವನಿಗೆ ಮಲಯಾಳದಲ್ಲಿ ಬೇರೆ ಪದ ಹೊಳೆಯಲಿಲ್ಲವೋ,
ತೆರಿಗೆ ಉಳಿಸಿದನೋ.

ಉಪ್ಪಳ ಪೇಟೆಯಿಂದ ಒಳಗೆ, ಬಾಯಾರಿನ ದಾರಿಯಲ್ಲಿ
ಶಾರ್ಜಾದ ಮೊಯ್ದೀನ್ ಹಾಜಿ ಕಟ್ಟಿಸಿದ ಮನೆ.
ನನಗೆ ಬೇಕಾಗಿದ್ದದ್ದು ಉತ್ತರದ ಬೆಳಕಿನ ಒಂದು ಕೋಣೆ,
ಎರಡು ಹೊಲಿಗೆ ಮೆಷಿನ್ ಇಡುವಷ್ಟು.
ಸಿಕ್ಕಿತು ಅದೂ, ಅದರ ಹಿಂದೆ
ಎಂಬತ್ತು ಸಾವಿರ ಲೀಟರ್ ಹಿಡಿಯುವ ನೀಲಿ ಖಾಲಿಯೂ.
ತಳದಲ್ಲಿ ಟೈಲಿನ ಡಾಲ್ಫಿನ್, ಒಂದು ಕಣ್ಣು ಕಿತ್ತುಹೋದದ್ದು.
ಕೀಲಿಕೈ ಕೊಡುತ್ತ ಹಾಜಿ ಅಂದರು:
“ಟೀಚರೇ, ಇದು ಹಾಲು ಕೊಡುವ ಎಮ್ಮೆಯ ಹಾಗೆ.
ನಿಮಗೆ ಜ್ವರ ಅಂತ ಅದಕ್ಕೆ ಗೊತ್ತಾಗುವುದಿಲ್ಲ.”

ನನಗಾಗಲಿ ತಂಗಿ ಸುನೀತಿಗಾಗಲಿ ಈಜು ಬಾರದು.

ಎರಡು ರಾತ್ರಿ ಬೋರಿನ ಮೋಟರು ಓಡಿತು.
ನೀರು ಬಂತು, ಇಸ್ತ್ರಿ ಹಾಕಿದ ವಾಯಿಲ್ ಸೀರೆಯ ಹಾಗೆ,
ಡಾಲ್ಫಿನ್ನಿನ ಒಂಟಿ ಕಣ್ಣು ಮೇಲಿಂದಲೇ ಕಾಣುವಷ್ಟು ತಿಳಿ.
ಡಬ್ಬಿಯ ಮೇಲೆ ಬರೆದ ಅಳತೆಗೆ ಕ್ಲೋರಿನ್ ಪುಡಿ ಸುರಿದೆ.
ಹತ್ತೇ ನಿಮಿಷ.
ಇಡೀ ಕೊಳ ಕಟ್ಟಂಚಾಯ.
ಸುನೀತಿ ಬಂದು ನೋಡಿ, “ಸಕ್ಕರೆ ಹಾಕಿದೆಯಾ?” ಅಂದಳು.

ಕಾಸರಗೋಡಿನ ಅಂಗಡಿಯ ಮಮ್ಮುಂಞಿ ಫೋನಿನಲ್ಲಿ ನಕ್ಕ:
“ಇರುಂಬು ಟೀಚರೇ, ಇರುಂಬು! ಮುರಕಲ್ಲಿನ ಅಡಿಯ ನೀರಲ್ಲವಾ,
ಕಬ್ಬಿಣ ಇದ್ದೇ ಇರುತ್ತದೆ. ನೀವು ಎಬ್ಬಿಸಿದಿರಿ, ಅಷ್ಟೆ.”
ಮಲಗಿಸುವುದು ಹೇಗೆ ಎಂದರೆ
ಎರಡು ಸಾವಿರದ ಇನ್ನೊಂದು ಡಬ್ಬಿಯ ಹೆಸರು ಹೇಳಿದ.

ತರಲಿಲ್ಲ. ಮೂವತ್ತೊಂದು ವರ್ಷ
ಶಾಲೆಯ ಮಕ್ಕಳಿಗೆ ಕಾಜಾ, ಹೆಮ್ಮಿಂಗ್ ಕಲಿಸಿದವಳು ನಾನು.
ಹಳೆಯ ಪಾಪ್ಲಿನ್ನಿನಲ್ಲಿ ಚೀಲ ಹೊಲಿದು ದಿಂಬಿನ ಫೈಬರ್ ತುರುಕಿದೆ,
ತೂತು ಬಕೆಟ್ಟಿನಲ್ಲಿಟ್ಟು ಪಂಪಿನ ಪೈಪು ಅದರ ಮೇಲೆ ಬಿಟ್ಟೆ.
ಬಿಳಿ ಹೋಗಿ ಕಾವಿ. ಬಿಚ್ಚು, ತೊಳೆ, ಮತ್ತೆ ತುರುಕು.
ನಾಲ್ಕು ದಿನ, ಹನ್ನೊಂದು ದಿಂಬು.
ಐದನೆಯ ಬೆಳಿಗ್ಗೆ ಡಾಲ್ಫಿನ್ ಮತ್ತೆ ನನ್ನ ನೋಡಿತು,
ಅರ್ಧ.

ಬಣ್ಣದ ಪರೀಕ್ಷೆ ಮಾತ್ರ ಯಾರೂ ಕಲಿಸಬೇಕಾಗಲಿಲ್ಲ.
ಕೊಳವೆಗೆ ನೀರು, ಐದು ಹನಿ ಕೆಂಪು ಮದ್ದು,
ಪಕ್ಕದ ಚೀಟಿಯ ಬಣ್ಣಕ್ಕೆ ಹಿಡಿದು ನೋಡುವುದು.
ಬ್ಲೌಸ್ ಪೀಸಿಗೆ ನೂಲು ಹೊಂದಿಸಿದ ಕಣ್ಣು ಇದು.
ಟ್ಯೂಬ್‌ಲೈಟಿನ ಕೆಳಗಲ್ಲ, ಅಂಗಳದ ಬೆಳಕಿಗೆ ಬರಬೇಕು,
ಆಗ ಕಾಣುತ್ತದೆ
ಏಳು ಪಾಯಿಂಟ್ ಎರಡಕ್ಕೂ ನಾಲ್ಕಕ್ಕೂ ನಡುವಿನ ಎಳೆ.

ತಪ್ಪಿದ್ದು ಬೇರೆ ಕಡೆ.
ಫಿಲ್ಟರ್ ತೊಳೆದ ನೀರು ಬೇಲಿ ದಾಟಿ ಹೋಯಿತು,
ಕುಂಞಂಬಣ್ಣನ ಹರಿವೆ ಸಾಲು ಎರಡೇ ದಿನದಲ್ಲಿ ಬಿಳಿಚಿತು.
ಸುರಂಗ ಕೊರೆದವರು ಅವರು, ಬಾಯಾರಿನಿಂದ ಪಡ್ರೆಯವರೆಗೆ,
ಗುಡ್ಡದ ಹೊಟ್ಟೆಗೆ ಮೊಣಕಾಲೂರಿ ನುಗ್ಗಿ,
ಮೊಂಬತ್ತಿ ಆರಿದರೆ ಹಿಂದೆ ಸರಿದು.
ಬೈಯುತ್ತಾರೆ ಅಂದುಕೊಂಡೆ.
ಹಾರ್ಲಿಕ್ಸ್ ಬಾಟ್ಲಿಯಲ್ಲಿ ತಮ್ಮ ಸುರಂಗದ ನೀರು ತಂದು
“ಇದನ್ನೂ ನೋಡಿ” ಅಂದರು.
ಐದು ಹನಿ. ಹಳದಿ.
“ಅಂದರೆ?”
“ಸ್ವಲ್ಪ ಹುಳಿ.”
ಮುಚ್ಚಳ ತಿರುಪುತ್ತ ತಿರುಪುತ್ತ ಹೇಳಿದರು:
“ನನ್ನ ಐದು ಮಕ್ಕಳು ಇದೇ ಕುಡಿದದ್ದು.”
ಹರಿವೆಯ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಈಗ ತೊಳೆದ ನೀರನ್ನು ಡ್ರಮ್ಮಿನಲ್ಲಿ ಮೂರು ದಿನ ಬಿಸಿಲಿಗಿಡುತ್ತೇನೆ,
ಕ್ಲೋರಿನ್ ಹಾರಿದ ಮೇಲೆ ಬಸಳೆಗೆ, ಮೊದಲು ನನ್ನ ಬಸಳೆಗೆ.
ಬೆಳಿಗ್ಗೆ ಜಾಲರಿಯಲ್ಲಿ ಎರಡು ಕಪ್ಪೆ ಎತ್ತಿ ಆಚೆ ಬಿಡುತ್ತೇನೆ.
ರಾತ್ರಿ ಅವೇ ಎರಡು ವಾಪಸು.
ಈ ಮನೆಯಲ್ಲಿ ಈಜು ಬರುವವರು ಅವರಿಬ್ಬರೇ.

ಹೊಲಿಗೆ ಡಬ್ಬಿಯಲ್ಲಿ ಒಂದು ಗುಂಡಿ ತೆಗೆದಿಟ್ಟಿದ್ದೇನೆ,
ಕೋಟಿನದು, ಕಪ್ಪು, ಡಾಲ್ಫಿನ್ನಿನ ಕಣ್ಣಿಗೆ ಸರಿಸುಮಾರು ಅಳತೆ.
ನೀರೊಳಗೂ ಹಿಡಿಯುವ ಗೋಂದು ಇದೆ ಅಂದಿದ್ದಾನೆ ಮಮ್ಮುಂಞಿ.
ಕೊಳ ಬರಿದು ಮಾಡಿದರೆ ಹತ್ತು ನಿಮಿಷದ ಕೆಲಸ.
ಮಾಡುವುದಿಲ್ಲ. ಹನ್ನೊಂದು ದಿಂಬು ದಾಟಿ ಬಂದ ನೀರು.

ಅದಕ್ಕೇ ಸಂಜೆ ಸಂಜೆ ಚೂಡಿದಾರದಲ್ಲೇ
ಮೆಟ್ಟಿಲು ಇಳಿಯುತ್ತೇನೆ. ನಿನ್ನೆ ಮೂರು. ಇವತ್ತು ನಾಲ್ಕು,
ಮೂಗು ಹಿಡಿದು, ಹನ್ನೆರಡು ಎಣಿಸುವವರೆಗೆ.
“ಗುಂಡಿ ಗುಂಡಿ ಅನ್ನುತ್ತೀ, ಯಾವ ಗುಂಡಿ?” ಎಂದು ಕೇಳುತ್ತಾಳೆ
ದಡದಲ್ಲಿ ಟವೆಲ್ ಹಿಡಿದು ನಿಂತ ಸುನೀತಿ.
ಎರಡೂ, ಅನ್ನಬೇಕಿತ್ತು.
ಬಾಯಲ್ಲಿ ನೀರಿತ್ತು.