ಹಲಗೆ ಬರೆಯುವವನ ಲೆಕ್ಕ

ವಿಕ್ಟೋರಿಯಾ ಸರೋವರದ ಈ ದಡದಲ್ಲಿ
ಸತ್ತವರ ಶಿಲುಬೆಯಿಂದ ಕ್ಷೌರದಂಗಡಿಯ ಬಾಗಿಲವರೆಗೆ
ಬರೆದದ್ದೆಲ್ಲ ನನ್ನ ಕುಂಚ. ಹೆಸರು ಒಬುರಾ.
ಅಕ್ಷರಕ್ಕೆ ಇಪ್ಪತ್ತು ಶಿಲ್ಲಿಂಗ್, ಅಂಕಿಗೆ ಮೂವತ್ತು.
ಅಕ್ಷರ ತಪ್ಪಿದರೆ ಜನ ನಗುತ್ತಾರೆ, ಅಷ್ಟೆ.
ಅಂಕಿ ತಪ್ಪಿದರೆ ಹೊಡೆಯಲು ಬರುತ್ತಾರೆ.

ವಾರ್ಡಿನ ಒಗೋಲ ಸಾಹೇಬರು ಕರೆಸಿದರು:
‘ಹನ್ನೆರಡಡಿ ಹಲಗೆ, ಮ್ವುಲೆ ಮರದ್ದು,
ಮಳೆಗೆ ಬಗ್ಗಬಾರದು, ಬಿಸಿಲಿಗೆ ಬಿರಿಯಬಾರದು.
ಫೋಟೊ ನೈರೋಬಿಗೆ ಹೋಗುತ್ತದೆ, ಚೆಂದ ಬರಿ.’
ಬರೆದೆ:
ಒಲುವಾ ಹಳ್ಳದ ಕಾಲುಸೇತುವೆ.
ವೆಚ್ಚ ನಲವತ್ತೆರಡು ಲಕ್ಷ, ಅಂಕಿಯಲ್ಲಿ.
ಕಾಮಗಾರಿ ಪೂರ್ಣ.
ಸೊನ್ನೆಗಳು ಐದು. ಸೊನ್ನೆಗೂ ಮೂವತ್ತೇ ತಗೊಂಡೆ.
‘ಪೂರ್ಣ’ದ ಹತ್ತಿರ ಕೈ ತುಸು ನಡುಗಿತು:
ಹಳ್ಳಕ್ಕೆ ಆಗಿನ್ನೂ ಒಂದು ಬುಟ್ಟಿ ಜಲ್ಲಿಯೂ ಬಿದ್ದಿರಲಿಲ್ಲ.
‘ಬರುತ್ತೆ, ಬರುತ್ತೆ,’ ಎಂದರು ಸಾಹೇಬರು.
ಕೂಸು ಹುಟ್ಟುವ ಮುಂಚೆ ಕುಲಾವಿ;
ಹೊಲಿದವನು ನಾನು.

ಅಂಗೈಗೆ ಮಡಿಸಿದ ನೋಟು ಬಂತು. ‘ಚಾಯ್‌ಗೆ.’
ನಮ್ಮಲ್ಲಿ ಚಹಾಕ್ಕೂ ಲಂಚಕ್ಕೂ ಒಂದೇ ಹೆಸರು.
ಎರಡನೆಯದು ನಾಲಿಗೆ ಸುಡುವುದಿಲ್ಲ.
ನನ್ನದೂ ಸುಡಲಿಲ್ಲ. ಮಗಳಿಗೆ ಶಾಲೆಯ ಬೂಟು ಬಂತು.
ಆ ಬೂಟನ್ನು ತಲೆಯ ಮೇಲಿಟ್ಟುಕೊಂಡು
ಅವಳು ದಿನಾ ಅದೇ ಹಳ್ಳಕ್ಕಿಳಿದು ದಾಟುತ್ತಿದ್ದಳು,
ಸೊಂಟದ ತನಕ ನೀರು, ಪಕ್ಕದಲ್ಲೇ ನನ್ನ ಬರವಣಿಗೆ.

ಎರಡು ಮಳೆಗಾಲ ಕಳೆದ ಮೇಲೆ
ಅತ್ತಿಮರದಡಿ ಬರಾಜಾ ಸೇರಿತು.
ಸಾಹೇಬರು ಫೋಟೊ ಎತ್ತಿ ಹಿಡಿದರು:
‘ಫಲಕ ಇಲ್ಲವೆ? ಇಲ್ಲದ್ದನ್ನು ಸರ್ಕಾರ ಬರೆಸುತ್ತದೆಯೆ?’
ಸೂಲಗಿತ್ತಿ ಪೆರೆಸ್ ಅಕೇಲೊ ಕೋಲೂರಿ ಎದ್ದಳು.
‘ಆರುನೂರು ಕೂಸು ಈ ಕೈಗೆ ಬಿದ್ದಿವೆ, ಮಗನೆ.
ಬಸಿರೇ ಇಲ್ಲದೆ ನಾಮಕರಣ ಆದದ್ದು ಇದೊಂದೇ.
ಹೆಸರು ಬರೆದವನು ಯಾರು? ಏಳಲಿ.’

ಎದ್ದೆ. ಮೊಣಕಾಲು ಎದ್ದವೋ ಇಲ್ಲವೋ ತಿಳಿಯದು.

ನನ್ನ ಹತ್ತಿರ ಒಂದು ಪುಸ್ತಕ ಇದೆ, ಎಣ್ಣೆ ಬಣ್ಣ ಮೆತ್ತಿದ್ದು.
ಯಾವ ದಿನ, ಎಷ್ಟು ಅಕ್ಷರ, ಎಷ್ಟು ಡಬ್ಬಿ, ಕೊಟ್ಟವರಾರು—
ಸತ್ಯಕ್ಕಾಗಿ ಬರೆದಿಟ್ಟದ್ದಲ್ಲ,
ಬಾಕಿ ಮರೆಯದಿರಲಿ ಎಂದು.
ಓದಿದೆ. ಹನ್ನೊಂದು ವರ್ಷ, ಹತ್ತೊಂಬತ್ತು ಫಲಕ.
ಹೆರಿಗೆ ಕೋಣೆ ಎಂದಾಗ ಹೆಂಗಸರ ಕಡೆಯಿಂದ
‘ಎಲ್ಲಿ?’ ಎಂದು ಒಂದು ದನಿ.
ಆಮೇಲೆ ಪ್ರತಿ ಸಾಲಿಗೂ ಎಲ್ಲಿ, ಎಲ್ಲಿ,
ಇಗರ್ಜಿಯ ಪ್ರಾರ್ಥನೆಗೆ ಜನ ದನಿಗೂಡಿಸುವಂತೆ.
ಚಾಯ್ ಎಂದು ಬರೆದ ಸಾಲು ಬಂದಾಗ ನಿಂತೆ.
ಹೆಂಡತಿ ನೆಲ ನೋಡುತ್ತಿದ್ದಳು.
ಮಗಳು ನೋಡುತ್ತಿದ್ದಳು ತನ್ನ ಬೂಟು.
ಅದನ್ನೂ ಓದಿದೆ.

ಆದದ್ದು ಇಷ್ಟೇ:
ಸಾಹೇಬರಿಗೆ ಗುಡ್ಡದಾಚೆಯ ವಾರ್ಡಿಗೆ ವರ್ಗ.
ಕೇಸು ಕಿಸುಮುವಿನ ಕೋರ್ಟಿನಲ್ಲಿ
ಮುಂದಿನ ತಾರೀಕನ್ನು ಹೊದ್ದು ಮಲಗಿದೆ.
ನನಗೀಗ ಉಧಾರಿ ಬಣ್ಣ ಯಾರೂ ಕೊಡುವುದಿಲ್ಲ,
ಯಾಕೆಂದು ನಾನೂ ಕೇಳುವುದಿಲ್ಲ.

ಆದರೆ ಮರುದಿನ ಬೆಳಗ್ಗೆ ಅಕೇಲೊ ಮುಂದಾಗಿ
ಹೆಂಗಸರು ಹಲಗೆಯನ್ನು ಬುಡಸಮೇತ ಕಿತ್ತರು,
ಹಳ್ಳ ಕಿರಿದಾದ ಜಾಗಕ್ಕೆ ಹೊತ್ತರು,
ಬರಹ ಮೇಲೆ ಬರುವಂತೆ ಅಡ್ಡ ಹಾಸಿದರು.
ಮರ ಅಲುಗಲಿಲ್ಲ. ಕಾಸಿಗೆ ತಕ್ಕ ಮಾಲೆಂದರೆ
ನಲವತ್ತೆರಡು ಲಕ್ಷದಲ್ಲಿ ಅದೊಂದೇ.
ಮಗಳು ಬೂಟು ಹಾಕಿಕೊಂಡೇ
ವೆಚ್ಚದಿಂದ ಪೂರ್ಣದವರೆಗೆ ನಡೆದಳು.

ಈಗ ಊರೆಲ್ಲ ಅದರ ಮೇಲೇ.
ಆಡು, ಸೈಕಲ್ಲು, ಮೀನಿನ ಬುಟ್ಟಿ.
ಅಕ್ಷರ ಸವೆಯುತ್ತಿವೆ;
ಮೊದಲು ಹೋದದ್ದು ಸೊನ್ನೆಗಳು.

ನಿನ್ನೆ ಗುಡ್ಡದಾಚೆಯಿಂದ ಆಳು ಬಂದಿದ್ದ.
ಸಾಹೇಬರಿಗೆ ಒಂದು ಫಲಕ ಬೇಕಂತೆ, ಸೇತುವೆಯದೇ.
ಪುಸ್ತಕ ತೆಗೆದು ತಾರೀಕು ಹಾಕಿದೆ.
ಗಟ್ಟಿ ಮರವೇ ಇರಲಿ ಎಂದೆ.
ದರ ಹೇಳುವ ಮೊದಲು
ಅಲ್ಲಿಯ ಹಳ್ಳದ ಅಗಲ ಕೇಳಿದೆ.