ಇಪ್ಪತ್ನಾಲ್ಕು ಚುಕ್ಕಿ

ಹಳೆಯ ಆಟದ ಹೊಟ್ಟೆ ಬಗೆದು ನೋಡಿದೆ.
ಆಕಾಶಕ್ಕೆಂದು ಬರೆದಿಟ್ಟದ್ದು
ಇಪ್ಪತ್ನಾಲ್ಕು ಚುಕ್ಕಿ, ಅಷ್ಟೆ.
ಮತ್ತೆ ಎಣಿಸಿದೆ. ಇಪ್ಪತ್ನಾಲ್ಕೇ.

ನನ್ನ ನೆನಪಿನಲ್ಲಿದ್ದದ್ದು ಸಾವಿರ.

ವಾಡಿ ಜಂಕ್ಷನ್ನಿನ ಎದುರು, ಭಜಿ ಅಂಗಡಿಯ ಮಗ್ಗುಲಿಗೆ
ಲಾಡ್ಲೇಸಾಬನ ತಗಡಿನ ಖೋಲಿ.
ಒಳಗೆ ಆಳೆತ್ತರದ ಪೆಟ್ಟಿಗೆ, ಉದ್ದಕ್ಕೆ ನಿಂತ ಗಾಜು,
ರೂಪಾಯಿಗೆ ಮೂರು ಜೀವ.
ಸೊಲ್ಲಾಪುರದ ಗಾಡಿ ತಪ್ಪಿದವರು,
ರಾಯಚೂರಿನದಕ್ಕೆ ಕಾದವರು,
ಎರಡನೇ ಪಾಳಿ ಮುಗಿಸಿದ ಹುಡುಗರು
ಪಾಳಿ ಹಚ್ಚಿ ನಿಂತು ಸಾಯುತ್ತಿದ್ದರು.
ನಾನು ಅಣ್ಣನ ಅಂಗಿ ತೊಟ್ಟು
ಜಡೆಯನ್ನು ಕಾಲರಿನೊಳಗೆ ಇಳಿಬಿಟ್ಟು
ಎರಡು ಶಹಾಬಾದ ಪರಸಿ ಒಂದರ ಮೇಲೊಂದಿಟ್ಟು
ಹತ್ತಿ ನಿಲ್ಲುತ್ತಿದ್ದೆ.
ಎಲ್ಲರ ಪಾಲಿಗೆ ಹುಡುಗ.
"ಯವ್ವಾ, ಕೈ ನಡುಗಸಬ್ಯಾಡ" ಎನ್ನುತ್ತಿದ್ದ
ಲಾಡ್ಲೇಸಾಬ, ಕಿವಿಯ ಹತ್ತಿರ, ಮೆಲ್ಲಗೆ.

ಈಗ ಅದೇ ಆಟವನ್ನು
ಅಂಗೈಯಗಲದ ಯಂತ್ರಕ್ಕೆ ಇಳಿಸುತ್ತಿದ್ದೇನೆ,
ಶಾಲೆಯ ಉತ್ತರಪತ್ರಿಕೆ ತಿದ್ದಿ ಮುಗಿದ ಮೇಲೆ.
ಇದರ ಗಾಜು ನಿಂತಿಲ್ಲ, ಮಲಗಿದೆ.
ಐದು ಸಾಲಿನ ದಂಡು ಇಟ್ಟರೆ
ನೆಲ ಮುಟ್ಟಲು ನಾಲ್ಕೇ ಹೆಜ್ಜೆ.
ಒಂದು ಸಾಲು ಬಿಡಬೇಕು. ಯಾವುದು?
ಮೇಲಿನದಕ್ಕೆ ಅಂಕ ಜಾಸ್ತಿ,
ಕೆಳಗಿನದು ಎಲ್ಲರಿಗಿಂತ ಮೊದಲು ಗುಂಡು ತಿನ್ನುವುದು.
ಮೂರು ರಾತ್ರಿ ಹೋದವು ಇದರಲ್ಲೇ.
ನಡುವಿನದನ್ನು ತೆಗೆದೆ.
ನಡುವಿನವರನ್ನು ಯಾರು ಕೇಳುತ್ತಾರೆ,
ಮನೆಯಲ್ಲಿ ನಾನೂ ನಡುವಿನವಳೇ.

ಇನ್ನೊಂದು ತೊಡಕು.
ಹಳೆಯದರಲ್ಲಿ ವೈರಿಗಳು ಕಡಿಮೆಯಾದಷ್ಟೂ
ಉಳಿದವರ ಕಾಲು ಜೋರು.
ಕೊನೆಯವನಂತೂ ಹುಚ್ಚು ಹಿಡಿದ ಹಾಗೆ.
ಅದನ್ನು ಯಾರೂ ಬೇಕೆಂದು ಬರೆದದ್ದಲ್ಲ;
ಹೊರೆ ಇಳಿದ ಬಡ ಚಿಪ್ಪು ತಾನಾಗಿ ಓಡುತ್ತಿತ್ತು,
ಕಡೆಯ ಚೀಲ ಇಳಿಸಿದ ಹಮಾಲ
ಚಹಾದ ಕಡೆ ಓಡುವ ಹಾಗೆ.
ಈ ಹೊಸತಕ್ಕೆ ಹೊರೆಯೆಂದರೇನೆಂದೇ ಗೊತ್ತಿಲ್ಲ.
ನಲವತ್ನಾಲ್ಕಿದ್ದರೂ ಒಂದಿದ್ದರೂ ಒಂದೇ ನಡಿಗೆ.
ಅದಕ್ಕೆ ದಣಿವು ಕಲಿಸಬೇಕಾಯಿತು:
ಒಬ್ಬೊಬ್ಬ ವೈರಿಯ ಹೆಸರಿನಲ್ಲೂ ಒಂದೊಂದು ಸುಳ್ಳು ಮೂಟೆ,
ಹೊತ್ತು ನಿಲ್ಲು, ಎಣಿಸು, ಆಮೇಲೆ ನಡೆ.

ಎಲ್ಲ ಆಯಿತು. ಆಕಾಶ ಮಾತ್ರ ಬೋಳು.
ಕಣ್ಣನ್ನು ಬೈದೆ, ಕೋಡನ್ನು ಬೈದೆ,
ರಾತ್ರಿ ಹನ್ನೊಂದಕ್ಕೆ ಭೀಮಶಾ ಅಣ್ಣನಿಗೆ ಫೋನು ಹಚ್ಚಿದೆ.
"ಅದರಾಗ ಚುಕ್ಕಿ ಭಾಳ ಇದ್ವಲ್ಲಣ್ಣಾ?"
"ಚುಕ್ಕಿ ಎಲ್ಲಿವ ಹುಚ್ಚಿ, ಅದು ಸಿಮೆಂಟಿನ ಧೂಳು.
ಲಾಡ್ಲೇಸಾಬ ಮುಂಜಾನಿಗೊಮ್ಮೆ ಟವಲ್‌ಲೆ ಒರಸ್ತಿದ್ದ,
ಮಧ್ಯಾಹ್ನಕ್ಕ ಮತ್ತ ಅಷ್ಟೇ ಕೂಡತಿತ್ತು."

ನಾನು ಹೋಗುತ್ತಿದ್ದದ್ದು ಮಧ್ಯಾಹ್ನವೇ.

ಇಪ್ಪತ್ನಾಲ್ಕು ಕೆಳಗೆ ಜಾರುತ್ತಿದ್ದವು,
ಉಳಿದವು ನಿಂತಲ್ಲೇ ನಿಂತಿದ್ದವು.
ಹೌದು, ನಿಂತಿದ್ದವು, ಈಗ ಹೊಳೆಯುತ್ತಿದೆ.
ಅದೇ ಧೂಳು ಭಜಿಯ ಮೇಲೆ, ಬೇವಿನ ಮೇಲೆ,
ಲಾಡ್ಲೇಸಾಬನ ಕೆಮ್ಮಿನ ಒಳಗೆ.
ನಾನದಕ್ಕೆ ಗುರಿಯಿಟ್ಟು
ಎಷ್ಟು ಗುಂಡು ಹಾಳು ಮಾಡಿದ್ದೇನೋ!

ಯಂತ್ರದಲ್ಲಿ ಉಳಿದದ್ದು ಇನ್ನೂರ ಹತ್ತು ಬೈಟು ಜಾಗ.
ಅಷ್ಟರಲ್ಲೇ ಧೂಳು ಬರೆದೆ.
ಆಡುತ್ತ ಹೋದಂತೆ ಗಾಜಿನ ಮೇಲೆ ಒಂದೊಂದೇ ಕೂಡುತ್ತದೆ,
ಎರಡೂ ಗುಂಡಿ ಒಟ್ಟಿಗೆ ಒತ್ತಿದರೆ
ಎಡದಿಂದ ಬಲಕ್ಕೆ ಟವಲು.

ನಿನ್ನೆ ಪೂರ್ತಿ ಆಡಿ ನೋಡಿದೆ.
ಒರೆಸಲು ಮನಸ್ಸಾಗಲಿಲ್ಲ.
ಚುಕ್ಕಿ ದಟ್ಟವಾಗುತ್ತ ದಟ್ಟವಾಗುತ್ತ
ಅವುಗಳ ನಡುವಿನಿಂದ ಇಳಿದ ಗುಂಡು
ಕಾಣಲೇ ಇಲ್ಲ, ಬಡಿಯಿತು.

ಇರಲಿ, ಇನ್ನೆರಡು ಜೀವ ಇವೆ.